ಮನೆ ಲೆಕ್ಕ 6: ಕಾರಿನ ಅಡಿಯ ತುಕ್ಕು

(1/8)

ಹಳೇ ಕಾರಿನಲ್ಲಿ ಪೆಟ್ರೋಲ್ ವಾಸನೆ ಬರೋದು ಮಾಮೂಲಿ ಅಂತ ತುಂಬ ಜನ ಹೇಳ್ತಾರೆ. ಮಾಮೂಲಿ ಅಲ್ಲ. ಕಾರಿಗೆ ಎಷ್ಟೇ ವಯಸ್ಸಾಗಿರಲಿ, ಪೆಟ್ರೋಲ್ ಇರಬೇಕಾದದ್ದು ಟ್ಯಾಂಕ್, ಪೈಪ್, ಇಂಜಿನ್, ಈ ಮೂರರ ಒಳಗೆ. ಮೂಗಿಗೆ ಬಂತು ಅಂದ್ರೆ ಎಲ್ಲೋ ಹೊರಗೆ ಬರ್ತಿದೆ ಅಂತಲೇ ಅರ್ಥ.

ಹೊಸದಾಗಿ ಬಂದವರಿಗೆ ಒಂದು ಮಾತು: ಇದು ನಮ್ಮನೆಯ ಹಳೇ ವಸ್ತುಗಳ ಸರಣಿ. ಹಿಂದಿನ ಸಲ ಗ್ರೈಂಡರ್ ಮೋಟರ್ ಬಗ್ಗೆ ಬರೆದಿದ್ದೆ. ನಾನು ಬಿಕಾಂ ಓದ್ತಿರೋಳು, ಮೆಕ್ಯಾನಿಕ್ ಅಲ್ಲ. ಕೆಲಸ ಗೊತ್ತಿರೋರ ಪಕ್ಕ ಕೂತು ಸ್ಪ್ಯಾನರ್ ಕೊಡೋದು, ಫೋಟೋ ತೆಗೆಯೋದು, ಕೊನೆಗೆ ಲೆಕ್ಕ ಬರೆಯೋದು, ಇಷ್ಟು ನನ್ನ ಪಾಲು.

ಫೋಟೋದಲ್ಲಿರೋದು 1998ರ ಮಾರುತಿ 800. ಅಜ್ಜ ತಗೊಂಡಿದ್ದು. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್ ಇಂಜಿನ್. ಮನೆ ಇರೋದು ಮರವಂತೆ ಹತ್ತಿರ. ನೀವು ಆ ರಸ್ತೆಯಲ್ಲಿ ಹೋಗಿರಬಹುದು: ಹೆದ್ದಾರಿ 66ರ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಎಲ್ಲರೂ ಅಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತಗೊಳ್ತಾರೆ. ನಮ್ಮ ಕಾರು ಆ ಗಾಳಿಯಲ್ಲೇ 27 ವರ್ಷ ಕಳೆದಿದೆ.

ಓಡಿಸೋದು ಅಮ್ಮ. ಅಪ್ಪ ಬೆಂಗಳೂರಿನಲ್ಲಿ ಹೋಟೆಲ್ ಕೆಲಸ, ತಿಂಗಳಿಗೊಮ್ಮೆ ಬರ್ತಾರೆ. ವಾರಕ್ಕೆ 2 ಸಲ ಅಜ್ಜಿಯನ್ನು ಡಯಾಲಿಸಿಸ್‌ಗೆ ಕುಂದಾಪುರಕ್ಕೆ ಕರ್ಕೊಂಡು ಹೋಗೋದು, ಬರೋದು, ಎಲ್ಲ ಅಮ್ಮ ಮತ್ತು ಈ ಕಾರು.

(2/8)

ನಾನು ಹಾಸ್ಟೆಲ್‌ನಲ್ಲಿರ್ತೇನೆ. ಮಳೆಗಾಲ ಮುಗಿದ ಮೇಲೆ ಒಂದು ಶನಿವಾರ ಮನೆಗೆ ಬಂದೆ. ಹಿಂದಿನ ಸೀಟಿನಲ್ಲಿ ಅಜ್ಜಿ ಪಕ್ಕ ಕೂತ ಕೂಡಲೇ ಪೆಟ್ರೋಲ್ ವಾಸನೆ ತಲೆಗೇರಿತು. ಅಮ್ಮನನ್ನ ಕೇಳಿದೆ.

"ನಂಗ್ ಎಂತ ವಾಸ್ನಿಯೂ ಬತ್ತಿಲ್ಲೆ" ಅಂದ್ರು.

ಅವರು ಹೇಳಿದ್ದು ಅಕ್ಷರಶಃ ನಿಜ. 2021ರಲ್ಲಿ ಕೊರೊನಾ ಬಂದಾಗ ಅಮ್ಮನ ಮೂಗಿನ ಶಕ್ತಿ ಹೋಯ್ತು. ಸುಮಾರು ಜನಕ್ಕೆ ಕೆಲವು ವಾರದಲ್ಲಿ ವಾಪಸ್ ಬಂತು, ಅಮ್ಮಂಗೆ ಬರಲೇ ಇಲ್ಲ. ಒಗ್ಗರಣೆ ಸೀಯೋದನ್ನ ಈಗ ಶಬ್ದದಲ್ಲಿ, ಬಣ್ಣದಲ್ಲಿ ಕಂಡುಹಿಡೀತಾರೆ. ಹಾಲು ಒಡೆದಿದೆಯಾ ಅಂತ ಅಜ್ಜಿಗೆ ಮೂಸೋಕೆ ಕೊಡ್ತಾರೆ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದ್ರೆ ಗೊತ್ತಾಗಲಿ ಅಂತಲೇ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸ್ತಾರೆ. ಅಮ್ಮಂಗೆ ಅದೂ ಕೆಲಸಕ್ಕೆ ಬಾರದು, ಹಾಗಾಗಿ ರಾತ್ರಿ ರೆಗ್ಯುಲೇಟರ್ ಆಫ್ ಮಾಡೇ ಮಲಗೋದು.

ಇದಕ್ಕೆಲ್ಲ ನಾವು ದಾರಿ ಕಂಡ್ಕೊಂಡಿದ್ವಿ. ಕಾರಿನ ವಿಷಯ ಯಾರ ತಲೆಗೂ ಬಂದಿರಲಿಲ್ಲ. ಅಜ್ಜಿಗೆ ವಾಸನೆ ಬರ್ತಿತ್ತಂತೆ. "ಕಾರಿಗೆ ಪೆಟ್ರೋಲ್ ಹಾಕಿದ್ಮೇಲೆ ವಾಸ್ನಿ ಬಾರ್ದೇ ಇರುತ್ತಾ" ಅಂತ ಸುಮ್ಮನಿದ್ರಂತೆ.

ಅಂದ್ರೆ ವಾರಕ್ಕೆ 2 ಸಲ, ವಾಸನೆ ಗೊತ್ತಾಗದ ಒಬ್ಬರು ಮತ್ತು ಗೊತ್ತಾದ್ರೂ ಹೇಳದ ಒಬ್ಬರು, ಪೆಟ್ರೋಲ್ ಸೋರೋ ಕಾರಿನಲ್ಲಿ ಹೆದ್ದಾರಿ ಮೇಲೆ ಹೋಗಿ ಬರ್ತಿದ್ರು.

(3/8)

ಮಾವನಿಗೆ ಫೋನ್ ಮಾಡಿದೆ. ಮಾವ ಅಂದ್ರೆ ಅಮ್ಮನ ಅಣ್ಣ. ಗಂಗೊಳ್ಳಿ ಬಂದರಿನಲ್ಲಿ ವರ್ಷಾನುಗಟ್ಟಲೆ ಬೋಟಿನ ಇಂಜಿನ್ ಕೆಲಸ ಮಾಡಿದವರು. ಬಂದು, ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಕಾರಿನ ಅಡಿಗೆ ಹೋದರು. ಎರಡನೇ ಫೋಟೋ ಆಗ ತೆಗೆದದ್ದು.

"ಹೆಣೆ, ಇದ್ ಮುಟ್ರೆ ಪುಡಿ ಆತ್ತ್" ಅಂದರು ಅಡಿಯಿಂದಲೇ.

ಕಾರಿನ ಹಿಂದೆ ಟ್ಯಾಂಕ್, ಮುಂದೆ ಇಂಜಿನ್. ನಡುವೆ ನೆಲದ ತಗಡಿಗೆ ಅಂಟಿಕೊಂಡ ಹಾಗೆ ನಮ್ಮ ಕಾರಿನಲ್ಲಿ ಮೂರು ಕಬ್ಬಿಣದ ಪೈಪ್ ಹೋಗ್ತವೆ. ಒಂದು ಪೆಟ್ರೋಲನ್ನು ಇಂಜಿನ್‌ಗೆ ಒಯ್ಯೋದು, ಇನ್ನೊಂದು ಹೆಚ್ಚಾದ ಪೆಟ್ರೋಲನ್ನು ವಾಪಸ್ ತರೋದು, ಮೂರನೇದು ಟ್ಯಾಂಕಿನ ಆವಿಗೆ. ಎರಡೂ ತುದಿಯಲ್ಲಿ ಮಾತ್ರ ಗಿಡ್ಡ ರಬ್ಬರ್ ಹೋಸ್.

ತುಕ್ಕು ಪೈಪಿನ ಉದ್ದಕ್ಕೂ ಒಂದೇ ಸಮ ಇರಲಿಲ್ಲ. ಬಯಲಲ್ಲಿದ್ದ ಭಾಗ ಪರವಾಗಿಲ್ಲ. ಪೈಪನ್ನ ಹಿಡಿದಿಡೋ ಕ್ಲಿಪ್‌ಗಳ ಒಳಗೆ, ಹಿಂದಿನ ಚಕ್ರದ ಹತ್ತಿರ ಮಣ್ಣು ಮೆತ್ತಿಕೊಂಡ ಕಡೆ ಮಾತ್ರ ಪೂರ್ತಿ ತಿಂದು ಹಾಕಿತ್ತು. ಮಾವ ಹೇಳಿದ ಕಾರಣ ಸರಳ. ಉಪ್ಪು ಗಾಳಿಯಲ್ಲಿನ ತೇವವನ್ನ ಎಳ್ಕೊಳ್ಳುತ್ತೆ. ಕ್ಲಿಪ್ ಸಂದಿಯಲ್ಲಿ ಉಪ್ಪು, ಮಣ್ಣು ಸೇರಿಬಿಟ್ಟರೆ ಬೇಸಿಗೆಯಲ್ಲೂ ಅದು ಒಣಗಲ್ಲ. ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಮೀ ಮಳೆ ಬೇರೆ. ಮೇಲಿನ ಬಣ್ಣ ಒಮ್ಮೆ ಬಿರುಕು ಬಿಟ್ಟರೆ ಸಾಕು.

ಇನ್ನೊಂದು ವಿಷಯ ನಂಗೆ ಹೊಸದು. ಕಾರ್ಬುರೇಟರ್ ಕಾರಿನಲ್ಲಿ ಪೆಟ್ರೋಲ್ ಪಂಪ್ ಇಂಜಿನ್ ಹತ್ತಿರ ಇರುತ್ತೆ, ಅದು ಟ್ಯಾಂಕಿನಿಂದ ಪೆಟ್ರೋಲನ್ನ ಹೀರುತ್ತೆ. ಹಾಗಾಗಿ ಆ ಪೈಪಿಗೆ ಸೂಜಿಯಷ್ಟು ತೂತಾದ್ರೆ ಇಂಜಿನ್ ಓಡುವಾಗ ಹೊರಗೆ ಸೋರೋದಕ್ಕಿಂತ ಒಳಗೆ ಗಾಳಿ ಎಳ್ಕೊಳ್ಳೋದೇ ಹೆಚ್ಚು. ನಿಲ್ಲಿಸಿದ ಮೇಲೆ ಸೋರುತ್ತೆ, ಟ್ಯಾಂಕ್ ತುಂಬಿದ್ದಾಗ ಇನ್ನೂ ಜಾಸ್ತಿ. ಅಮ್ಮ ಎರಡು ತಿಂಗಳಿಂದ "ಏರಿನಲ್ಲಿ ಎಳೀತಿಲ್ಲ, ಬೆಳಿಗ್ಗೆ ಬೇಗ ಸ್ಟಾರ್ಟ್ ಆಗ್ತಿಲ್ಲ" ಅಂತಿದ್ರು. ಮೂಗಿಗೆ ಸಿಗದ ಸೋರಿಕೆ ಕಾಲಿನ ಪೆಡಲ್‌ಗೆ ಸಿಕ್ಕಿತ್ತು.

(4/8)

ಆ ರಾತ್ರಿ ಅಪ್ಪನ ಜೊತೆ ಫೋನಲ್ಲಿ ಮಾತಾಯ್ತು.

"ಅದ್ನ ಗುಜರಿಗೆ ಕೊಟ್ ಬಿಡಿ. ರಿಕ್ಷಾಕ್ಕೆ ಹೋಪುಕೆ ಆತ್ತಿಲ್ಯಾ?" ಅಂದ್ರು ಅಪ್ಪ. ಕೋಪದಲ್ಲಿ ಅಲ್ಲ, ಹೆದರಿಕೆಯಲ್ಲಿ.

ಅಮ್ಮ ಏನೂ ಹೇಳಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು ಪಾತ್ರೆ ತೊಳೆಯೋಕೆ ಹೋದರು.

ಒಂದು ಗ್ಯಾರೇಜಿನಲ್ಲಿ ಕೇಳಿದ್ವಿ. ಕಬ್ಬಿಣದ ಪೈಪ್ ಸಿಗಲ್ಲ, ಹಿಂದಿನಿಂದ ಮುಂದಿನ ತನಕ ರಬ್ಬರ್ ಪೈಪೇ ಎಳೆದುಬಿಡೋಣ ಅಂದ್ರು. ಮಾವ ಒಪ್ಪಲಿಲ್ಲ. ರಬ್ಬರ್ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುತ್ತೆ, ಕಲ್ಲು ಹೊಡೆದ್ರೆ ಹರಿಯುತ್ತೆ, ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಕೊಟ್ಟಿಗೆಯ ಇಲಿಗೆ ಒಂದು ರಾತ್ರಿ ಸಾಕು. ಇಂಜಿನ್ ಅಲುಗಾಡೋ ಕಡೆ ಗಿಡ್ಡ ತುಂಡು ರಬ್ಬರ್ ಬೇಕು, ಉಳಿದದ್ದು ಲೋಹವೇ ಇರಬೇಕು.

ನಾನು ಕಲಿತಿರೋ ಲೆಕ್ಕ ಹಾಕಿ ನೋಡಿದೆ. ಅಜ್ಜ ಕಾರಿಗೆ ಕೊಟ್ಟದ್ದು ಸುಮಾರು 2 ಲಕ್ಷ. ವರ್ಷಕ್ಕೆ 15%ರ ಹಾಗೆ, ಉಳಿದ ಬೆಲೆಯ ಮೇಲೆ ಸವಕಳಿ ಕಳೀತಾ ಬಂದ್ರೆ 27 ವರ್ಷಕ್ಕೆ ಪುಸ್ತಕದಲ್ಲಿ ಉಳಿಯೋದು ಸುಮಾರು ₹2,480. ಈ ಪದ್ಧತಿಯಲ್ಲಿ ಬೆಲೆ ಯಾವತ್ತೂ ಸೊನ್ನೆ ಆಗಲ್ಲ, ಆದ್ರೆ ರಿಪೇರಿಗೆ ಇದಕ್ಕಿಂತ ಜಾಸ್ತಿ ಆಗುತ್ತೆ ಅಂತ ಆಗಲೇ ಗೊತ್ತಿತ್ತು. ಪುಸ್ತಕದ ಪ್ರಕಾರ ಅಪ್ಪ ಹೇಳಿದ್ದೇ ಸರಿ.

ಮೊದಲ ವರ್ಷದಲ್ಲೇ ಇನ್ನೊಂದು ಪಾಠವೂ ಇದೆ: ಹಣದಲ್ಲಿ ಅಳೆಯೋಕೆ ಬಂದದ್ದು ಮಾತ್ರ ಲೆಕ್ಕಕ್ಕೆ ಬರುತ್ತೆ, ಬಾರದ್ದು ಎಷ್ಟೇ ದೊಡ್ಡದಾದ್ರೂ ಪುಸ್ತಕಕ್ಕೆ ಹೋಗಲ್ಲ. ಅಮ್ಮ ಡ್ರೈವಿಂಗ್ ಕಲಿತದ್ದು 41ನೇ ವಯಸ್ಸಿಗೆ, ಅಜ್ಜ ಹೋದಮೇಲೆ. ಅದಕ್ಕೂ ಮುಂಚೆ ತವರಿಗೆ ಹೋಗೋಕೂ ಯಾರಾದ್ರೂ ಬಂದು ಕರ್ಕೊಂಡು ಹೋಗಬೇಕಿತ್ತು. ಡಯಾಲಿಸಿಸ್ ಮುಗಿಸಿ ಸುಸ್ತಾದ ಅಜ್ಜಿಯನ್ನ ಮಳೆಯಲ್ಲಿ ರಿಕ್ಷಾಕ್ಕೆ ಕಾಯಿಸದೇ ಸೀದಾ ಮನೆಗೆ ತರೋದಕ್ಕೆ ಬೆಲೆ ಎಷ್ಟು ಅಂತ ಯಾವ ಕಾಲಂನಲ್ಲಿ ಬರೆಯೋದು?

ಅಪ್ಪನಿಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ ಇದ್ರೆ ಮಾತ್ರ ಮಾಡಿ. ಸರಿ ಆಗೋ ತನಕ ಕಾರು ತೆಗೀಬೇಡಿ" ಅಂದ್ರು. ಆ ವಾರ ಅಜ್ಜಿ ರಿಕ್ಷಾದಲ್ಲೇ ಹೋದರು.

(5/8)

ಇನ್ನು ಮುಂದಿನದು ಕೆಲಸ. ಮೊದಲೇ ಹೇಳ್ತೇನೆ: ನಿಮ್ಮದು ಫ್ಯುಯೆಲ್ ಇಂಜೆಕ್ಷನ್ ಕಾರಾದ್ರೆ ಇದನ್ನ ಮನೆಯಲ್ಲಿ ಮಾಡ್ಬೇಡಿ. ಅದರ ಪಂಪ್ ಸಾಮಾನ್ಯವಾಗಿ ಟ್ಯಾಂಕಿನ ಒಳಗಿರುತ್ತೆ, ಪೈಪಿನಲ್ಲಿ ಸುಮಾರು 3 ಬಾರ್‌ನಷ್ಟು ಒತ್ತಡ ಇರುತ್ತೆ. ತೂತಾದ್ರೆ ತೊಟ್ಟಿಕ್ಕಲ್ಲ, ಚಿಮ್ಮುತ್ತೆ. ನಮ್ಮ ಕಾರ್ಬುರೇಟರ್ ಕಾರಿನಲ್ಲಿ ಒತ್ತಡ ತೀರಾ ಕಡಿಮೆ. ಆದ್ರೂ ಹುಡುಗಾಟ ಅಲ್ಲ.

ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತೆ. ಹಾಗಾಗಿ ಮಾವನ ನಿಯಮಗಳು ಇವು:

ಕೆಲಸ ತೆರೆದ ಅಂಗಳದಲ್ಲಿ, ಶೆಡ್ಡಿನಲ್ಲಿ ಅಲ್ಲ. ಬಚ್ಚಲ ಒಲೆಗೆ ಆವತ್ತು ಬೆಂಕಿ ಇಲ್ಲ. ಫೋನ್ ದೂರ (ಫೋಟೋ ಎಲ್ಲ ಪೆಟ್ರೋಲ್ ತೆಗೆಯೋ ಮೊದಲು, ಅಥವಾ ಪೂರ್ತಿ ಆರಿದ ಮೇಲೆ ತೆಗೆದದ್ದು). ಬ್ಯಾಟರಿಯ ನೆಗೆಟಿವ್ ತೆಗೆದಿಡೋದು. ಕರೆಂಟ್ ಡ್ರಿಲ್, ಗ್ರೈಂಡರ್, ವಯರಿನ ಬಲ್ಬು ಯಾವುದೂ ಬೇಡ, ಹಗಲು ಬೆಳಕೇ ಸಾಕು. ಪಕ್ಕದಲ್ಲಿ ಪುಡಿಯ ಅಗ್ನಿಶಾಮಕ ಮತ್ತು ಒಂದು ಬಕೆಟ್ ಹೊಯಿಗೆ.

ಪೆಟ್ರೋಲನ್ನ ಬಾಯಲ್ಲಿ ಎಳೆಯೋದು ನಮ್ಮೂರಲ್ಲಿ ಮಾಮೂಲಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದ್ರೂ ನ್ಯುಮೋನಿಯಾ ಥರ ಆಗುತ್ತೆ. ನಾವು ಕೈಪಂಪಿನಲ್ಲಿ ತೆಗೆದ್ವಿ. ರಿಸರ್ವ್‌ಗೆ ಬರೋ ತನಕ ಕಾದಿದ್ರಿಂದ 3 ಲೀಟರ್ ಅಷ್ಟೇ ಇತ್ತು, ಲೋಹದ ಕ್ಯಾನಿಗೆ ಹಾಕಿ ಮುಚ್ಚಳ ಬಿಗಿದು ತೋಟದ ಆಚೆ ಇಟ್ವಿ.

ಕಾರು ಎತ್ತೋಕೆ ಪಕ್ಕದ ಮನೆಯವರು ಮುರಕಲ್ಲು ತಂದುಕೊಟ್ಟರು. ಮಾವ ಅದನ್ನ ಬದಿಗಿಟ್ಟು ಬಂದರಿನಿಂದ ಕಬ್ಬಿಣದ ಸ್ಟ್ಯಾಂಡ್ ತಂದರು. ಮುರಕಲ್ಲು ಮನೆ ಗೋಡೆಗೆ ಸರಿ, ಕಾರಿನ ಭಾರ ಒಂದೇ ಕಡೆ ಬಿದ್ರೆ ಸದ್ದಿಲ್ಲದೇ ಒಡೆಯುತ್ತೆ. ಬರೀ ಜಾಕಿ ನಂಬಿ ಅಡಿಗೆ ಹೋಗಲೇಬಾರದು. ಒಬ್ಬರು ಅಡಿಯಲ್ಲಿದ್ರೆ ಇನ್ನೊಬ್ಬರು ಹೊರಗೆ ಇರಲೇಬೇಕು. ಹೊರಗಿನ ಡ್ಯೂಟಿ ನಂದು.

(6/8)

ಕ್ಲಿಪ್ಪಿನ ಬೋಲ್ಟ್‌ಗಳಿಗೆ ಎರಡು ದಿನ ಮುಂಚಿನಿಂದ ತುಕ್ಕು ಬಿಡಿಸೋ ಎಣ್ಣೆ ಹಾಕಿದ್ವಿ. ಆದ್ರೂ ಎರಡು ಮುರಿದವು. ಉಳಿದವು ಬಂದವು.

ಹಳೇ ಪೈಪನ್ನ ಕತ್ತರಿಸಿ ಎಸೆಯಲಿಲ್ಲ. ಆದಷ್ಟು ಇಡಿಯಾಗಿ ಹೊರಗೆ ತಂದು, ಅಂಗಳದಲ್ಲಿ ಮಲಗಿಸಿದ್ವಿ. ಯಾಕಂದ್ರೆ ಅದೇ ನಕಾಶೆ. ಎಲ್ಲಿ ಬಾಗಬೇಕು, ಎಷ್ಟು ಬಾಗಬೇಕು ಅನ್ನೋದು ಅದರಲ್ಲೇ ಇದೆ. ನಾಲ್ಕನೇ ಫೋಟೋದಲ್ಲಿ ಹಳೇದು, ಹೊಸದು ಪಕ್ಕ ಪಕ್ಕ.

ಅಳೆದಾಗ ದೊಡ್ಡದು 8 ಮಿಮೀ, ಸಣ್ಣದು 6 ಮಿಮೀ. ಆವಿಯ ಪೈಪ್ ಇನ್ನೂ ಗಟ್ಟಿಯಿತ್ತು, ಉಜ್ಜಿ ಬಣ್ಣ ಹೊಡೆದು ಬಿಟ್ವಿ. ಉಳಿದೆರಡಕ್ಕೆ ಅಂಗಡಿಯಲ್ಲಿ "ಬಂಡಿ ಪೈಪ್" ಅಂತ ಕೇಳಿದ್ರೆ ಸಿಗುತ್ತೆ. ತಾಮ್ರ ಲೇಪಿಸಿದ ಉಕ್ಕಿನ ಪಟ್ಟಿಯನ್ನ ಎರಡು ಸುತ್ತು ಸುತ್ತಿ ಬೆಸೆದು ಮಾಡಿದ ಪೈಪ್ ಅದು. ಬ್ರೇಕ್ ಪೈಪಿಗೂ ಇದನ್ನೇ ಬಳಸ್ತಾರೆ. ಫ್ರಿಜ್ಜಿನ ಬರೀ ತಾಮ್ರದ ಪೈಪ್ ಹಾಕಬಹುದಲ್ಲ, ತುಕ್ಕೇ ಹಿಡಿಯಲ್ಲ ಅಂತ ನಾನು ಕೇಳಿದೆ. ಬರೀ ತಾಮ್ರ ಅಲುಗಾಟಕ್ಕೆ ಪೆಡಸಾಗಿ ಕೊನೆಗೆ ಸೀಳುತ್ತಂತೆ, ಜೊತೆಗೆ ಪೆಟ್ರೋಲು ಬೇಗ ಕೆಟ್ಟು ಅಂಟು ಕಟ್ಟೋಕೂ ಕಾರಣ ಆಗುತ್ತೆ.

ಬಗ್ಗಿಸೋ ಟೂಲ್ ಫ್ರಿಜ್ ರಿಪೇರಿಯವರ ಹತ್ತಿರ ಸಿಕ್ಕಿತು. ಕೈಯಲ್ಲಿ ಬಗ್ಗಿಸಿದ್ರೆ ಪೈಪ್ ಚಪ್ಪಟೆ ಆಗುತ್ತೆ, ಅಲ್ಲಿ ದಾರಿ ಕಟ್ಟಿಹೋಗುತ್ತೆ. ಬೆಂಡರ್‌ನಲ್ಲಿಟ್ಟು ಒಂದೊಂದೇ ತಿರುವು, ಪ್ರತಿ ತಿರುವಿಗೂ ಹಳೇದರ ಮೇಲೆ ಇಟ್ಟು ಹೋಲಿಸೋದು. ಒಂದು ಪೈಪಿಗೆ ಅರ್ಧ ದಿನ ಹೋಯ್ತು.

ತುದಿಗೆ ಸಣ್ಣ ಉಬ್ಬು ಮಾಡೋದು ಮುಖ್ಯ. ನುಣ್ಣಗಿರೋ ಪೈಪಿನ ಮೇಲಿನಿಂದ ರಬ್ಬರ್ ಹೋಸ್ ಒಂದಲ್ಲ ಒಂದು ದಿನ ಜಾರುತ್ತೆ. ಉಬ್ಬು ಇದ್ರೆ ಅದರ ಹಿಂದೆ ಕ್ಲಾಂಪ್ ಕಚ್ಚಿಕೊಳ್ಳುತ್ತೆ. ಕತ್ತರಿಸಿದ ಪುಡಿ ಒಳಗೆ ಉಳಿದ್ರೆ ಕಾರ್ಬುರೇಟರ್‌ಗೆ ಹೋಗುತ್ತೆ, ಅದಕ್ಕೆ ಎರಡೂ ಕಡೆಯಿಂದ ಗಾಳಿ ಊದಿ ಸ್ವಚ್ಛ ಮಾಡಿದ್ವಿ.

ಆಮೇಲೆ ಸತುವಿನ ಪ್ರೈಮರ್, ಎರಡು ಕೋಟ್ ಬಣ್ಣ. ಕ್ಲಿಪ್ ಬರೋ ಕಡೆಯೆಲ್ಲ ರಬ್ಬರ್ ತುಂಡು ಸುತ್ತಿದ್ವಿ, ಲೋಹಕ್ಕೆ ಲೋಹ ಉಜ್ಜಿ ಬಣ್ಣ ಹೋಗಬಾರದು ಅಂತ. ಸೈಲೆನ್ಸರ್ ಪೈಪಿನಿಂದ ದೂರ, ಹ್ಯಾಂಡ್‌ಬ್ರೇಕ್ ಕೇಬಲ್‌ಗೆ ತಾಗದ ಹಾಗೆ, ಹಳೇ ದಾರಿಯಲ್ಲೇ ಕೂರಿಸಿದ್ವಿ.

(7/8)

ರಬ್ಬರ್ ಹೋಸ್ ಬಗ್ಗೆ ಎರಡು ಮಾತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಬಿಡುಗಡೆ ಆಯ್ತು, ಅಂದ್ರೆ 100ರಲ್ಲಿ 20 ಪಾಲು ಎಥನಾಲ್. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗೋದು ಅದೇ. 1998ರ ಕಾರಿನ ರಬ್ಬರ್ ಮಾಡುವಾಗ ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. ಎಥನಾಲ್ ಹಳೇ ಥರದ ರಬ್ಬರನ್ನ ಕೆಡಿಸುತ್ತೆ, ನೀರಿನಂಶವನ್ನೂ ಎಳ್ಕೊಳ್ಳುತ್ತೆ. ಹೋಸ್ ತಗೊಳ್ಳುವಾಗ ಎಥನಾಲ್ ಪೆಟ್ರೋಲಿಗೆ ಆಗುತ್ತಾ ಅಂತ ಕೇಳಿ, ಅದರ ಮೈಮೇಲಿನ ಬರಹ ಓದಿ ತಗೊಂಡ್ವಿ. ನೀರಿನ ಪೈಪ್, ಗ್ಯಾಸ್ ಪೈಪ್ ಇಲ್ಲಿಗೆ ಆಗಲ್ಲ.

ಪೆಟ್ರೋಲ್ ಹಾಕೋ ಮುಂಚೆ ಗಾಳಿ ಪರೀಕ್ಷೆ. ಪೈಪಿನ ಒಂದು ತುದಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪ್. ಜೋಡಣೆಗಳ ಮೇಲೆಲ್ಲ ಸೋಪು ನೀರು. ಒಂದು ಕಡೆ ಗುಳ್ಳೆ ಬಂತು, ಕ್ಲಾಂಪ್ ಬಿಗಿದ್ವಿ, ನಿಂತಿತು. ಆಮೇಲೆ 2 ಲೀಟರ್ ಪೆಟ್ರೋಲ್. ಹತ್ತು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿ, ಪ್ರತಿ ಜೋಡಣೆಯನ್ನೂ ಒಣ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದ್ವಿ. ರಾತ್ರಿಯಿಡೀ ಅಡಿಯಲ್ಲಿ ಪೇಪರ್ ಹಾಸಿಟ್ವಿ. ಬೆಳಿಗ್ಗೆ ಪೇಪರ್ ಒಣಗಿತ್ತು. ಅದಾದ ಮೇಲೇ ಟ್ಯಾಂಕ್ ತುಂಬಿಸಿದ್ದು, ಯಾಕಂದ್ರೆ ತುಂಬಿದ ಟ್ಯಾಂಕೇ ನಿಜವಾದ ಪರೀಕ್ಷೆ.

ಲೆಕ್ಕ:
ಬಂಡಿ ಪೈಪ್, ಎರಡೂ ಸೇರಿ: ₹1,150
ಹೋಸ್ ಒಂದೂವರೆ ಮೀಟರ್: ₹480
ಕ್ಲಾಂಪ್ 12: ₹300
ಫಿಲ್ಟರ್: ₹120
ಪ್ರೈಮರ್, ಬಣ್ಣ: ₹380
ಬೋಲ್ಟ್, ಕ್ಲಿಪ್, ರಬ್ಬರ್: ₹210
ಒಟ್ಟು: ₹2,640

ಅಗ್ನಿಶಾಮಕ ₹750 ಬೇರೆ. ಅದು ಈ ರಿಪೇರಿಯ ಖರ್ಚಲ್ಲ, ಮನೆಯ ಆಸ್ತಿ, ಈಗ ಅಡುಗೆಮನೆ ಬಾಗಿಲ ಹತ್ತಿರ ನೇತಾಡ್ತಿದೆ. ಮಾವನ ಮೂರು ದಿನಕ್ಕೆ ಎಷ್ಟು ಬರೆಯಲಿ ಅಂತ ಕೇಳಿದೆ. "ಮೀನ್ ಸಾರ್, ಕುಚ್ಚಿಗಿ ಅನ್ನ ಅಂತ ಬರಿ" ಅಂದ್ರು.

₹2,480ರ ಕಾರಿಗೆ ₹2,640 ಖರ್ಚು. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದ್ರೆ ಮಾರಿಬಿಡಿ ಅಂತಲೇ ಬರೀತೇನೋ ಏನೋ.

(8/8)

ಪೈಪ್ ಹೊಸದಾಯ್ತು, ಆದ್ರೆ ಅಮ್ಮನ ಮೂಗು ಹಾಗೇ ಇದೆ. ನಾಳೆ ಬೇರೆಲ್ಲೋ ಸೋರಿದ್ರೂ ಅವರಿಗೆ ಗೊತ್ತಾಗಲ್ಲ. ನಂಗೆ ನಿಜವಾಗಿ ನಿದ್ದೆ ಕೆಡಿಸಿದ್ದು ಅದು. ಅದಕ್ಕೆ ಎರಡು ವ್ಯವಸ್ಥೆ ಮಾಡಿದ್ವಿ.

ಒಂದು, ಕಾರು ನಿಲ್ಲಿಸೋ ಜಾಗದಲ್ಲಿ ದೊಡ್ಡ ರಟ್ಟು. ಬೆಳಿಗ್ಗೆ ಕಾರು ತೆಗೆದ ಮೇಲೆ ಅದರ ಮೇಲೆ ಹೊಸ ಕಲೆ ಇದೆಯಾ ನೋಡೋದು. ಪೆಟ್ರೋಲ್ ಬೇಗ ಆರಿಹೋಗುತ್ತೆ, ಆದ್ರೆ ಧೂಳು ಕೂತ ರಟ್ಟಿನಲ್ಲಿ ಗುರುತು ಬಿಡುತ್ತೆ.

ಎರಡು, ಒಂದು ಸಣ್ಣ ಪುಸ್ತಕ. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಎಷ್ಟು ಲೀಟರ್, ಎಷ್ಟು ಕಿ.ಮೀ. ಅಂತ ಬರೆಯೋದು. ಅಂಗಡಿಯಲ್ಲಿ ಸ್ಟಾಕ್ ತಾಳೆ ನೋಡೋ ಹಾಗೆ: ಬಂದದ್ದು ಮತ್ತು ಹೋದದ್ದು ಸರಿಹೊಂದಿಲ್ಲ ಅಂದ್ರೆ ಎಲ್ಲೋ ಸೋರಿಕೆ ಇದೆ. ಹಳೇ ಬಿಲ್ ಹುಡುಕಿ ಲೆಕ್ಕ ಹಾಕಿದಾಗ ಸೋರ್ತಿದ್ದ ತಿಂಗಳುಗಳಲ್ಲಿ ಲೀಟರಿಗೆ 17 ಇದ್ದದ್ದು 13ಕ್ಕೆ ಇಳಿದಿತ್ತು. ಈಗ ವಾಪಸ್ 16 ದಾಟಿದೆ. ಅಮ್ಮ ಪ್ರತಿ ಸಲ ಬರೆದು ನಂಗೆ ಫೋಟೋ ಕಳಿಸ್ತಾರೆ. ಕಳೆದ ವಾರ ನಾನು ಕೇಳೋ ಮೊದಲೇ ಭಾಗಾಕಾರವನ್ನೂ ಅವರೇ ಮಾಡಿದ್ರು.

ಈ ಕಾರು ಇನ್ನೆಷ್ಟು ದಿನ ಅಂತ ಗೊತ್ತು. 15 ವರ್ಷ ಆದಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ನಮ್ಮದು ಮುಂದೆ ಬರೋದು 2028ಕ್ಕೆ. 20 ವರ್ಷ ದಾಟಿದ ಕಾರಿಗೆ ಆ ಶುಲ್ಕ 2025ರ ಆಗಸ್ಟಿನಲ್ಲಿ ₹5,000ದಿಂದ ₹10,000 ಆಗಿದೆ. ಜೊತೆಗೆ ನೆಲದ ತಗಡು ಅಷ್ಟರೊಳಗೆ ಏನಾಗುತ್ತೋ ನೋಡಬೇಕು. ಆಗ ಮತ್ತೆ ಕೂತು ಮಾತಾಡ್ತೇವೆ. ಆ ಮಾತಿನಲ್ಲಿ ಅಮ್ಮ ಪಾತ್ರೆ ತೊಳೆಯೋಕೆ ಹೋಗಬಾರದು ಅಂತ ನಂಗಿರೋ ಒಂದೇ ಆಸೆ, ಯಾಕಂದ್ರೆ ಓಡಿಸೋದು ಅವರು.

ನಿಮ್ಮನೆಯಲ್ಲೂ ಹಳೇ ಕಾರಿದ್ರೆ ಈ ಭಾನುವಾರ ಟಾರ್ಚ್ ಹಿಡಿದು ಒಮ್ಮೆ ಅಡಿ ನೋಡಿ. ಜಾಕಿ ಬೇಡ, ನೆಲದ ಮೇಲೆ ಬಗ್ಗಿ ನೋಡಿದ್ರೆ ಸಾಕು. ಹಿಂದಿನ ಚಕ್ರದ ಹತ್ತಿರ, ಕ್ಲಿಪ್‌ಗಳ ಸುತ್ತ, ಒದ್ದೆ ಅಥವಾ ಪದರ ಪದರ ಎದ್ದ ತುಕ್ಕು ಇದ್ರೆ ಉಗುರಲ್ಲಿ ಕೆರೆದು ನೋಡೋಕೆ ಹೋಗ್ಬೇಡಿ, ತೂತಾದೀತು. ಕಾರು ಅಲ್ಲೇ ಬಿಟ್ಟು ಗೊತ್ತಿರೋರನ್ನ ಕರೀರಿ. ಮನೆಯಲ್ಲಿ ಯಾರಿಗಾದ್ರೂ ಕೊರೊನಾ ನಂತರ ವಾಸನೆ ಬರ್ತಿಲ್ಲ ಅಂದ್ರೆ, "ನಿಮಗೆ ವಾಸನೆ ಬರ್ತಿದೆಯಾ" ಅಂತ ಅವರು ಕೇಳೋ ತನಕ ಕಾಯ್ಬೇಡಿ, ನೀವೇ ಹೋಗಿ ಮೂಸಿ ನೋಡಿ ಹೇಳಿ.

ಮುಂದಿನ ಸಲ ಅಜ್ಜಿಯ ಹೊಲಿಗೆ ಮಿಷನ್ನು.